ಏರಿಯ ಕೆಳಗೆ ಮಲಗುವವರು ಯಾರು?

ಓದುಗರ ಪ್ರಶ್ನೆ, ಇಂಜಿನಿಯರರ ಉತ್ತರ

ಪ್ರಶ್ನೆ: ಮಾನ್ಯರೇ, ನಾವು ಮೂಲತಃ ವಿಜಯಪುರ ಜಿಲ್ಲೆಯವರು. ಪುಣೆಗೆ ಬಂದು ಎರಡು ತಲೆಮಾರಾಯಿತು. ನನ್ನ ಮಾವನವರು ಮುಳಶಿ ತಾಲ್ಲೂಕಿನಲ್ಲಿ ಜಮೀನು ಕೊಂಡು, ಎಪ್ಪತ್ತರ ದಶಕದಲ್ಲಿ ಅಲ್ಲಿನ ಹಳ್ಳಕ್ಕೆ ಅಡ್ಡಲಾಗಿ ಸ್ವಂತ ಖರ್ಚಿನಲ್ಲಿ ಮಣ್ಣಿನ ಏರಿ ಹಾಕಿಸಿದರು. ಉದ್ದ 140 ಮೀಟರ್, ಎತ್ತರ 9 ಮೀಟರ್. ತುಂಬಿದಾಗ ಐದು ಎಕರೆಯಷ್ಟು ಜಾಗದಲ್ಲಿ ನೀರು ನಿಲ್ಲುತ್ತದೆ. ನೀರು ಹರಿದು ಬರುವ ಗುಡ್ಡದ ಪ್ರದೇಶ ಸುಮಾರು 60 ಹೆಕ್ಟೇರ್. ಹೆಚ್ಚಾದ ನೀರು ಹೊರಹೋಗುವ ಕೋಡಿ ನಾಲ್ಕು ಮೀಟರ್ ಅಗಲವಿದ್ದು, ಏರಿಯ ತಲೆಗಿಂತ ಒಂದು ಮೀಟರ್ ಕೆಳಗಿದೆ. ಬೇಸಿಗೆಗೆ ನೀರು ಉಳಿಯಲೆಂದು ತೋಟ ನೋಡಿಕೊಳ್ಳುವವರು ಕೋಡಿಗೆ ಅರ್ಧ ಮೀಟರ್ ಎತ್ತರದ ಹಲಗೆ ಕಟ್ಟಿದ್ದಾರೆ, ಅದು ವರ್ಷವಿಡೀ ಹಾಗೆಯೇ ಇರುತ್ತದೆ. ಏರಿಯ ಮೇಲೆ ಮಾವನವರು ನೆಟ್ಟ ನಾಲ್ಕು ದೊಡ್ಡ ಮಾವಿನ ಮರಗಳಿವೆ. ತೋಟಕ್ಕೆ ನೀರು ಬಿಡುವ ತೂಬಿನ ಕಡೆ ಬುಡದಲ್ಲಿ ನೀರು ಜಿನುಗುತ್ತದೆ.

ಮೊದಲು ಕೆಳಗೆ ಬರೀ ಭತ್ತದ ಗದ್ದೆಗಳಿದ್ದವು. ಈಗ ಒಂದೂಕಾಲು ಕಿಲೋಮೀಟರ್ ದೂರದಲ್ಲಿ ಹಳ್ಳದ ದಂಡೆಗೇ ಬಂಗಲೆಗಳ ಲೇಔಟ್ ಎದ್ದಿದೆ. ಅದರ ಪಕ್ಕದಲ್ಲಿ ಕಟ್ಟಡ ಕೆಲಸದವರ ತಗಡಿನ ಶೆಡ್ಡುಗಳಿವೆ; ಯಾದಗಿರಿ ಕಡೆಯ ಜನ. ಬ್ಯಾಂಕ್ ಸಾಲಕ್ಕಾಗಿ ಇಂಜಿನಿಯರ್ ಒಬ್ಬರಿಂದ ವರದಿ ಬರೆಸಿದೆ. ಅವರು ‘ಗಾತ್ರ: ಸಣ್ಣದು. ಅಪಾಯದ ವರ್ಗ: ಅಧಿಕ’ ಎಂದು ಬರೆದುಬಿಟ್ಟರು. ಐವತ್ತು ವರ್ಷದಲ್ಲಿ ಒಮ್ಮೆಯೂ ಒಡೆಯದ ಏರಿಗೆ ಈ ಹಣೆಪಟ್ಟಿ ಏಕೆ? ಹತ್ತು ಮೀಟರ್‌ಗಿಂತ ಕಡಿಮೆ ಇರುವುದರಿಂದ ಯಾವ ಕಾನೂನೂ ತಾಗುವುದಿಲ್ಲ ಎಂದು ಪಕ್ಕದ ಜಮೀನಿನವರು ಹೇಳುತ್ತಾರೆ, ನಿಜವೇ? ಏರಿಯನ್ನೇ ಒಡೆಸಿಬಿಡಲೇ?
— ಓದುಗರು, ಕೋಥ್ರೂಡ್, ಪುಣೆ

ಉತ್ತರ: ತಂಗಿ, ನಿಮ್ಮ ಪತ್ರದಲ್ಲಿ ಏರಿಯ ಬಗ್ಗೆ ಇಷ್ಟೆಲ್ಲ ಅಳತೆ ಇದೆ, ತಗಡಿನ ಶೆಡ್ಡುಗಳ ಬಗ್ಗೆ ಇರುವುದು ಒಂದೇ ಸಾಲು. ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಆ ಸಾಲಿನಲ್ಲೇ ಇದೆ.

ಅಣೆಕಟ್ಟು ನೋಡಲು ಹೋದ ಇಂಜಿನಿಯರ್ ಮೂರು ಸಂಗತಿಗಳನ್ನು ಬೇರೆಬೇರೆಯಾಗಿ ಬರೆಯಬೇಕು. ಅದು ಎಷ್ಟು ದೊಡ್ಡದು, ಈಗ ಹೇಗಿದೆ, ಒಡೆದರೆ ಕೆಳಗೆ ಏನಾಗುತ್ತದೆ. ಅಪಾಯದ ವರ್ಗ ಎಂದರೆ ಈ ಮೂರನೆಯದು ಮಾತ್ರ. ಕಬ್ಬಿಣದಂತಹ ಏರಿಯ ಕೆಳಗೆ ಮನೆಗಳಿದ್ದರೆ ವರ್ಗ ‘ಅಧಿಕ’ವೇ. ನಾಳೆಯೇ ಬೀಳುವಂತಿರುವ ಏರಿಯ ಕೆಳಗೆ ಹತ್ತು ಮೈಲಿ ಬರೀ ಪೊದೆ ಇದ್ದರೆ ವರ್ಗ ‘ಕಡಿಮೆ’ಯೇ. ಅಮೆರಿಕದಲ್ಲಿ ಅಣೆಕಟ್ಟುಗಳ ಪೈಕಿ ಹೆಚ್ಚಿನ ಪಾಲು ಖಾಸಗಿಯವರದು. ಅಲ್ಲಿ ಕಡಿಮೆ, ಗಣನೀಯ, ಅಧಿಕ ಎಂದು ಮೂರು ವರ್ಗ ಮಾಡುತ್ತಾರೆ. ಒಡೆದಾಗ ಒಂದೇ ಒಂದು ಜೀವ ಹೋಗುವ ಸಂಭವ ಇದ್ದರೂ ಅದು ‘ಅಧಿಕ’. ನಿಮ್ಮ ಮಾವನವರು ಕಟ್ಟಿಸಿದಾಗ ಕೆಳಗೆ ಗದ್ದೆಗಳಿದ್ದವು, ಆಗ ಯಾರಾದರೂ ವರ್ಗ ಮಾಡಿದ್ದರೆ ‘ಕಡಿಮೆ’ ಎಂದೇ ಬರೆಯುತ್ತಿದ್ದರು. ಏರಿಯ ಒಂದು ಬುಟ್ಟಿ ಮಣ್ಣೂ ಕದಲದೆ ವರ್ಗ ಮೇಲಕ್ಕೇರಿದೆ. ಕೆಳಗೆ ಮನೆ ಕಟ್ಟಿದವರು ನಿಮ್ಮನ್ನು ಕೇಳಿ ಕಟ್ಟಲಿಲ್ಲ ಎಂಬ ನಿಮ್ಮ ಅಸಮಾಧಾನ ನನಗೆ ಅರ್ಥವಾಗುತ್ತದೆ. ಆದರೂ ಆ ಹೊಣೆ ಈಗ ನಿಮ್ಮ ಮೇಲೆ ಬಂದಿದೆ.

ವರದಿಯ ಪ್ರತಿಯನ್ನು ಪತ್ರದ ಜೊತೆ ಕಳಿಸಿದ್ದು ಒಳ್ಳೆಯದಾಯಿತು. ಅದರಲ್ಲಿ ಬಂಗಲೆಗಳನ್ನು ಒಂದೊಂದಾಗಿ ಎಣಿಸಿದ್ದಾರೆ, ಶೆಡ್ಡುಗಳ ಮಾತೇ ಇಲ್ಲ. ಪುಣೆಯ ಸುತ್ತಲಿನ ಬಂಗಲೆಗಳು ಹೇಗಿರುತ್ತವೆಂದು ನಾವಿಬ್ಬರೂ ಬಲ್ಲೆವು. ಶನಿವಾರ ಸಂಜೆ ದೀಪ ಹತ್ತುತ್ತದೆ, ಭಾನುವಾರ ಸಂಜೆ ಆರುತ್ತದೆ. ವಾರದ ಏಳೂ ರಾತ್ರಿ, ಜುಲೈ ತಿಂಗಳ ಜಡಿಮಳೆಯಲ್ಲೂ, ಹಳ್ಳದ ದಂಡೆಯಲ್ಲಿ ಮಕ್ಕಳನ್ನು ಪಕ್ಕಕ್ಕೆ ಹಾಕಿಕೊಂಡು ಮಲಗುವವರು ಆ ತಗಡಿನ ಕೆಳಗಿನ ಜನ. ಅವರ ಹೆಸರು ಗ್ರಾಮ ಪಂಚಾಯಿತಿಯ ಮನೆ ಪಟ್ಟಿಯಲ್ಲಿ ಇರುವುದಿಲ್ಲ, ಕಾಂಟ್ರಾಕ್ಟರನ ಹಾಜರಿ ಪುಸ್ತಕದಲ್ಲಿ ಇದ್ದರೆ ಉಂಟು. ವರದಿಯನ್ನು ತಿದ್ದಿಸಿ. ಅಲ್ಲಿ ಎಷ್ಟು ಕುಟುಂಬ, ಎಷ್ಟು ಮಕ್ಕಳು, ಯಾವ ತಿಂಗಳಿನಿಂದ ಯಾವ ತಿಂಗಳವರೆಗೆ ಇರುತ್ತಾರೆ ಎಂಬುದನ್ನು ಬರೆಸಿ. ನೀವೇ ಒಂದು ದಿನ ಹೋಗಿ ಮಾತಾಡಿಸಿ. ಕನ್ನಡದಲ್ಲಿ ಕೇಳಿದರೆ ಅವರೂ ಮನಸ್ಸು ಬಿಚ್ಚಿ ಹೇಳುತ್ತಾರೆ.

ಒಡೆದರೆ ಏನಾಗಬಹುದು ಎಂಬುದನ್ನು ನಿಮ್ಮ ಅಂಕಿಗಳಿಂದಲೇ ಲೆಕ್ಕ ಹಾಕೋಣ. ಐದು ಎಕರೆ ಎಂದರೆ ಎರಡು ಹೆಕ್ಟೇರ್. ಆಳ ಎಂಟು ಮೀಟರ್ ಎಂದು ಹಿಡಿದು, ಕಣಿವೆಯ ಆಕಾರಕ್ಕಾಗಿ ಅದರ ಹತ್ತರಲ್ಲಿ ನಾಲ್ಕು ಪಾಲು ತೆಗೆದುಕೊಂಡರೆ 64,000 ಘನ ಮೀಟರ್, ಅಂದರೆ ಆರೂವರೆ ಕೋಟಿ ಲೀಟರಿನ ಹತ್ತಿರ. ಪುಣೆಗೆ ನೀರು ಕೊಡುವ ಖಡಕ್‌ವಾಸ್ಲಾ ಅಣೆಕಟ್ಟಿನ ಎದುರು ಇದು ಲೆಕ್ಕಕ್ಕೇ ಇಲ್ಲ. ಆದರೆ ಮಣ್ಣಿನ ಏರಿ ಒಡೆದ ಹಳೆಯ ಪ್ರಸಂಗಗಳಿಂದ ಕಟ್ಟಿಕೊಂಡ ಸೂತ್ರಗಳಿಗೆ ಈ ಅಂಕಿ ಹಾಕಿದರೆ, ಉಕ್ಕಿ ಬರುವ ನೀರು ಅತಿ ಹೆಚ್ಚಿರುವ ಹೊತ್ತಿನಲ್ಲಿ ಸೆಕೆಂಡಿಗೆ ಇನ್ನೂರು ಘನ ಮೀಟರಿನ ಆಸುಪಾಸು ಬರುತ್ತದೆ. ನಿಮ್ಮ ಹಳ್ಳ ತುಂಬು ಮಳೆಯಲ್ಲೂ ಇದರ ಸಣ್ಣ ಪಾಲನ್ನು ಮಾತ್ರ ಕಂಡಿರುತ್ತದೆ. ಸೆಕೆಂಡಿಗೆ ಮೂರು ಮೀಟರ್ ವೇಗದಲ್ಲಿ ಹರಿದರೂ ಒಂದೂಕಾಲು ಕಿಲೋಮೀಟರ್ ದಾಟಲು ಏಳು ನಿಮಿಷ ಸಾಕು. ರಾತ್ರಿ ಎರಡು ಗಂಟೆಗೆ, ಮಳೆಯ ಸದ್ದಿನಲ್ಲಿ, ಏಳು ನಿಮಿಷ.

ಐವತ್ತು ವರ್ಷ ಒಡೆಯಲಿಲ್ಲ ಎಂಬುದು ಸಮಾಧಾನದ ಮಾತು, ಪುರಾವೆ ಅಲ್ಲ. ಹವಾಯಿಯ ಕವಾಯ್ ದ್ವೀಪದಲ್ಲಿ ಕಾ ಲೋಕೊ ಎಂಬ ಮಣ್ಣಿನ ಅಣೆಕಟ್ಟು ಇತ್ತು, ಖಾಸಗಿ ಒಡೆತನದ್ದು, ನೂರು ವರ್ಷ ದಾಟಿದ್ದು. ಸರ್ಕಾರದ ಕಡತದಲ್ಲಿ ಅದು ‘ಕಡಿಮೆ ಅಪಾಯ’ದ ವರ್ಗದಲ್ಲಿತ್ತು. 2006ರ ಮಾರ್ಚ್ 14ರ ಬೆಳಗಿನ ಜಾವ, ಹಲವು ದಿನಗಳ ಮಳೆಯ ನಂತರ ಅದು ಒಡೆದು ಏಳು ಜನ ತೀರಿಹೋದರು. ಕೋಡಿಯನ್ನು ಮುಚ್ಚಲಾಗಿತ್ತು, ಹೋಗಲು ದಾರಿಯಿಲ್ಲದ ನೀರು ಏರಿಯ ಮೇಲೆಯೇ ಹರಿದಿರಬೇಕು ಎಂಬುದು ತನಿಖಾ ವರದಿಯ ಮುಖ್ಯ ಅಭಿಪ್ರಾಯ. ನಿಮ್ಮ ಹಲಗೆಯ ವಿಷಯ ಓದಿದಾಗ ನನಗೆ ಮೊದಲು ನೆನಪಾದದ್ದು ಇದೇ.

ಆ ಹಲಗೆಯನ್ನು ಈ ಪತ್ರಿಕೆ ಕೈಗೆ ಬಂದ ದಿನವೇ ತೆಗೆಸಲು ಶುರು ಮಾಡಿ. ಒಂದೇ ಸಲ ಕಿತ್ತರೆ ಅರ್ಧ ಮೀಟರ್ ನೀರು ಕೆಳಗಿನವರ ಮೇಲೆ ನುಗ್ಗುತ್ತದೆ, ಒಂದೊಂದೇ ಪಟ್ಟಿ ಬಿಚ್ಚಲಿ. ಅರ್ಧ ಮೀಟರ್ ಎಂದರೆ ಅರ್ಧ ಪಾಲು ತಾನೇ ಎಂದು ತೋಟದವರು ವಾದಿಸಬಹುದು. ಕೋಡಿಯ ಲೆಕ್ಕ ಹಾಗೆ ನಡೆಯುವುದಿಲ್ಲ. ಕೋಡಿಯ ಮೇಲೆ ಒಂದು ಮೀಟರ್ ನೀರು ನಿಂತರೆ ನಾಲ್ಕು ಮೀಟರ್ ಅಗಲದಲ್ಲಿ ಸೆಕೆಂಡಿಗೆ ಏಳು ಘನ ಮೀಟರಿಗಿಂತ ಸ್ವಲ್ಪ ಕಡಿಮೆ ಹೋಗುತ್ತದೆ. ಅರ್ಧ ಮೀಟರ್ ನಿಂತರೆ ಹೋಗುವುದು ಎರಡೂವರೆಗೂ ಕಡಿಮೆ, ಅಂದರೆ ಮೂರನೇ ಒಂದು ಪಾಲು. ಬರುವ ನೀರು ಎಷ್ಟು? ಅರುವತ್ತು ಹೆಕ್ಟೇರಿನ ಮೇಲೆ ಗಂಟೆಗೆ 100 ಮಿಲಿಮೀಟರಿನ ರಭಸದಲ್ಲಿ ಮಳೆ ಹೊಡೆದು, ನೆನೆದ ನೆಲ ಅದರಲ್ಲಿ ಐದನೇ ಒಂದು ಪಾಲನ್ನಷ್ಟೇ ಹೀರಿದರೆ ಸೆಕೆಂಡಿಗೆ ಹದಿಮೂರು ಘನ ಮೀಟರ್. ಹಲಗೆ ಇಲ್ಲದಿದ್ದರೂ ನಿಮ್ಮ ಕೋಡಿ ಅದರ ಅರ್ಧವನ್ನಷ್ಟೇ ಸಾಗಿಸಬಲ್ಲದು, ಅದೂ ನೀರು ಏರಿಯ ತಲೆ ಮುಟ್ಟಿದ ಮೇಲೆ. ಮುಳಶಿಯ ಮಳೆ ನಿಮಗೆ ನಾನು ಹೇಳಬೇಕಿಲ್ಲ. 2024ರ ಜುಲೈನಲ್ಲಿ ತಾಮ್ಹಿಣಿ ಘಾಟಿನಲ್ಲಿ ಒಂದೇ ದಿನದಲ್ಲಿ ಐನೂರು ಮಿಲಿಮೀಟರ್ ದಾಟಿತು.

ಕೆರೆಯಲ್ಲಿ ನೀರು ತಡೆದು ನಿಂತು ಅತಿ ಹೆಚ್ಚಿನ ಹರಿವನ್ನು ಸ್ವಲ್ಪ ತಗ್ಗಿಸುವುದುಂಟು, ಅದನ್ನು ನಿಮ್ಮ ಇಂಜಿನಿಯರ್ ಲೆಕ್ಕಕ್ಕೆ ತೆಗೆದುಕೊಳ್ಳಲಿ. ಆದರೆ ಕೋಡಿ ಅಗಲವಾಗಲೇಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ನೀರು ಅರವತ್ತು ಸೆಂಟಿಮೀಟರಿಗಿಂತ ಏರದೆ, ಏರಿಯ ತಲೆಗೆ ನಲವತ್ತು ಸೆಂಟಿಮೀಟರ್ ಉಳಿಯಬೇಕಾದರೆ ಹದಿನೇಳು ಮೀಟರ್ ಅಗಲ ಬೇಕಾಗುತ್ತದೆ. ಸಣ್ಣ ಅಣೆಕಟ್ಟುಗಳ ಕೋಡಿಗೆ ನಮ್ಮ ದೇಶದ ಮಾನಕ, 1985ರ ಐಎಸ್ 11223, ನೂರು ವರ್ಷಕ್ಕೊಮ್ಮೆ ಬರುವಂತಹ ನೆರೆಯನ್ನು ಆಧಾರವಾಗಿಡುತ್ತದೆ. ಕೆಳಗಿನ ಅಪಾಯ ವಿಶೇಷವಾಗಿ ಹೆಚ್ಚಿದ್ದರೆ ಇನ್ನೂ ದೊಡ್ಡ ನೆರೆ ಹಿಡಿಯಲು ಅದೇ ಮಾನಕದಲ್ಲಿ ಅವಕಾಶವಿದೆ. ವರ್ಗಕ್ಕೂ ಕೋಡಿಗೂ ನಂಟು ಇಲ್ಲಿಯೇ. ನೂರು ವರ್ಷಕ್ಕೊಮ್ಮೆ ಎಂದರೆ ಪ್ರತಿ ವರ್ಷವೂ ನೂರರಲ್ಲಿ ಒಂದು ಸಂಭವ. ಐವತ್ತು ವರ್ಷದಲ್ಲಿ ಒಮ್ಮೆಯಾದರೂ ಅದು ಬರುವ ಸಂಭವ ನೂರರಲ್ಲಿ ಮೂವತ್ತೊಂಬತ್ತು.

ಇನ್ನು ಬುಡದ ಜಿನುಗು. ಮಣ್ಣಿನ ಏರಿ ಎಂದ ಮೇಲೆ ಸ್ವಲ್ಪ ನೀರು ಬರುತ್ತದೆ, ಬರುವುದು ತಪ್ಪಲ್ಲ. ಜೊತೆಗೆ ಮಣ್ಣು ಬರುತ್ತಿದೆಯೇ ಎಂಬುದೇ ಮುಖ್ಯ. ಜಿನುಗುವ ಜಾಗದಲ್ಲಿ ಸಣ್ಣ ಗುಂಡಿ ಮಾಡಿ, ಕೊಳವೆ ತುಂಡು ಇಟ್ಟು, ನೀರನ್ನು ಗಾಜಿನ ಬಾಟಲಿಯಲ್ಲಿ ಹಿಡಿಸಿ. ಒಂದು ರಾತ್ರಿ ಅಲುಗಾಡಿಸದೆ ಇಡಿ. ಬೆಳಿಗ್ಗೆ ತಳದಲ್ಲಿ ಕೆಸರಿನ ಪದರ ಕೂತಿದ್ದರೆ ಏರಿ ಒಳಗಿನಿಂದ ಕರಗುತ್ತಿದೆ ಎಂದೇ ಅರ್ಥ. ಬಕೆಟ್ ತುಂಬಲು ಎಷ್ಟು ಸೆಕೆಂಡ್ ಬೇಕಾಯಿತು, ಆ ದಿನ ಕೆರೆಯ ಮಟ್ಟ ಎಷ್ಟಿತ್ತು ಎಂದು ಪ್ರತಿ ವಾರ ಬರೆದಿಡಿ. ಕೆರೆಯ ಮಟ್ಟ ಏರದೆ ಜಿನುಗು ಮಾತ್ರ ಹೆಚ್ಚಿದರೆ ಕಾಯುವಂತಿಲ್ಲ. ಆಗ ಗಾಬರಿಯಲ್ಲಿ ಸಿಮೆಂಟು, ಜೇಡಿಮಣ್ಣು ತುರುಕಿ ಬಾಯಿ ಮುಚ್ಚಬಾರದು, ನೀರು ಒಳಗೇ ಬೇರೆ ದಾರಿ ಕೊರೆಯುತ್ತದೆ. ಮೊದಲು ಮರಳು, ಅದರ ಮೇಲೆ ಸಣ್ಣ ಜಲ್ಲಿ, ಅದರ ಮೇಲೆ ದಪ್ಪ ಜಲ್ಲಿ ಹರಡಿ. ನೀರು ಹೊರಗೆ ಬರಲಿ, ಮಣ್ಣು ಅಲ್ಲೇ ನಿಲ್ಲಲಿ. ಎರಡು ಮೂಟೆ ಮರಳು, ಒಂದು ಟ್ರ್ಯಾಲಿ ಜಲ್ಲಿ ಏರಿಯ ಬುಡದಲ್ಲಿ ಸದಾ ಇರಬೇಕು.

ಜಿನುಗು ತೂಬಿನ ಕಡೆಯೇ ಇರುವುದು ನನಗೆ ಅಷ್ಟು ಸರಿ ಕಾಣುತ್ತಿಲ್ಲ. ಏರಿಯೊಳಗೆ ಹಾಯುವ ಕೊಳವೆಯ ಹೊರಮೈಗೆ ಅಂಟಿದ ಮಣ್ಣನ್ನು ಚೆನ್ನಾಗಿ ಬಡಿದು ಧಮ್ಮಸು ಮಾಡುವುದು ಕಷ್ಟ, ನೀರು ಅದೇ ಸಂದಿನಲ್ಲಿ ದಾರಿ ಹುಡುಕುತ್ತದೆ. ಪುಣೆಯ ಹಿರಿಯರನ್ನು ಕೇಳಿ. 1961ರ ಜುಲೈ 12ರಂದು ಪಾನಶೇತ್ ಅಣೆಕಟ್ಟು ಒಡೆದು, ಕೆಳಗಿನ ಖಡಕ್‌ವಾಸ್ಲಾವನ್ನೂ ಒಡೆದುಕೊಂಡು ಮುಠಾ ನದಿ ಊರೊಳಗೆ ಬಂತು. ಪಾನಶೇತ್‌ನಲ್ಲಿ ಏರಿ ಕುಸಿದದ್ದು ಅರೆಬರೆ ಮುಗಿದಿದ್ದ ತೂಬಿನ ಕಾಲುವೆಯ ಮೇಲೆಯೇ. ಸೈನಿಕರು ರಾತ್ರಿಯಿಡೀ ಮರಳಿನ ಚೀಲ ಒಟ್ಟಿ ಹಿಡಿದಿಟ್ಟ ಆ ಕೆಲವು ಗಂಟೆಗಳು ಎಷ್ಟೋ ಜೀವ ಉಳಿಸಿದವು.

ಮಾವಿನ ಮರಗಳು ಮಾವನವರು ನೆಟ್ಟವು ಎಂದು ಬರೆದಿದ್ದೀರಿ. ಬೇಸರ ಮಾಡಿಕೊಳ್ಳಬೇಡಿ, ಅವು ಹೋಗಬೇಕು. ಬೇರು ಒಣಗಿ ಕೊಳೆತ ಜಾಗ ನೀರಿಗೆ ಸುರಂಗ, ಗಾಳಿಗೆ ಮರ ಉರುಳಿದರೆ ಏರಿಯ ಒಂದು ತುಂಡೇ ಜೊತೆಗೆ ಹೋಗುತ್ತದೆ. ಸುಮ್ಮನೆ ಕಡಿದು ಬುಡ ಬಿಟ್ಟರೆ ಇನ್ನೂ ಕೇಡು. ಕೆರೆ ತಗ್ಗಿದ ಬೇಸಿಗೆಯಲ್ಲಿ, ಅನುಮತಿ ಪಡೆದು ಕಡಿಸಿ, ದಪ್ಪ ಬೇರುಗಳನ್ನು ಅಗೆಸಿ ತೆಗೆದು, ಅದೇ ಜಾತಿಯ ಮಣ್ಣನ್ನು ತೆಳು ಪದರಗಳಲ್ಲಿ ನೀರು ಚಿಮುಕಿಸಿ ಧಮ್ಮಸು ಮಾಡಿಸಬೇಕು. ನಂತರ ಹುಲ್ಲು ಮಾತ್ರ. ಏಡಿ, ಹೆಗ್ಗಣದ ಬಿಲಗಳನ್ನೂ ಹೀಗೆಯೇ ಅಗೆದು ತುಂಬಿಸಿ. 2019ರ ಜುಲೈ 2ರ ರಾತ್ರಿ ರತ್ನಾಗಿರಿ ಜಿಲ್ಲೆಯ ತಿವರೆ ಅಣೆಕಟ್ಟು ಒಡೆದು ಇಪ್ಪತ್ತರ ಆಸುಪಾಸಿನಷ್ಟು ಜನ ಕೊಚ್ಚಿಹೋದಾಗ, ಏಡಿಗಳೇ ಕಾರಣ ಎಂದು ಒಬ್ಬ ಸಚಿವರು ಹೇಳಿದ್ದರು. ಸೋರುತ್ತಿದೆ ಎಂದು ಮೊದಲೇ ದೂರಿದ್ದೆವು ಎಂದು ಊರಿನವರು ಹೇಳಿದರು. ಏಡಿ ಬಿಲ ಕೊರೆಯುವುದು ಸುಳ್ಳಲ್ಲ. ಅದನ್ನು ಕಂಡು ಮುಚ್ಚಿಸಬೇಕಾದವರು ಮನುಷ್ಯರು.

ಕಾನೂನಿನ ವಿಷಯದಲ್ಲಿ ನಿಮ್ಮ ನೆರೆಯವರು ಹೇಳಿದ್ದು ಅರ್ಧ ಸರಿ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ 15 ಮೀಟರ್‌ಗಿಂತ ಎತ್ತರದವುಗಳಿಗೆ ನೇರವಾಗಿ ತಾಗುತ್ತದೆ. 10ರಿಂದ 15 ಮೀಟರಿನ ನಡುವಿನದಾದರೆ, ಉದ್ದ 500 ಮೀಟರ್ ಅಥವಾ ಸಂಗ್ರಹ ಹತ್ತು ಲಕ್ಷ ಘನ ಮೀಟರ್ ಮುಟ್ಟುವಂತಹ ಕೆಲವು ಷರತ್ತುಗಳಲ್ಲಿ ಒಂದಾದರೂ ಇರಬೇಕು. ಕಂಪನಿಗಳ ಒಡೆತನದ ಅಣೆಕಟ್ಟನ್ನೂ ಅದು ಬಿಡುವುದಿಲ್ಲ. ಎತ್ತರ ಅಳೆಯುವುದು ಹಳ್ಳದ ಮಟ್ಟದಿಂದಲ್ಲ, ಅಡಿಪಾಯದ ತಗ್ಗಿನ ಭಾಗದಿಂದ. ಆದ್ದರಿಂದ ನಿಮ್ಮ ಒಂಬತ್ತು ಮೀಟರ್ ಕಾಗದದ ಮೇಲೆ ಹತ್ತು ದಾಟಿದರೂ ದಾಟೀತು. ಆಗಲೂ ಉಳಿದ ಅಂಕಿಗಳಿಂದ ನೀವು ಹೊರಗೇ ಉಳಿಯುವಂತೆ ಕಾಣುತ್ತದೆ. ಆದರೆ ಮುಂಗಾರಿಗೆ ಮೊದಲೊಮ್ಮೆ, ನಂತರ ಒಮ್ಮೆ ತಪಾಸಣೆ ಆಗಬೇಕೆಂಬ ಆ ಕಾಯ್ದೆಯ ನಿಯಮವನ್ನು ನೀವಾಗಿಯೇ ಪಾಲಿಸಿ, ಯಾರೂ ತಡೆಯುವುದಿಲ್ಲ.

ಕಾಯ್ದೆ ತಾಗಲಿಲ್ಲ ಎಂದರೆ ಹೊಣೆಯೂ ತಾಗಲಿಲ್ಲ ಎಂದಲ್ಲ. ಇಂಗ್ಲೆಂಡಿನಲ್ಲಿ ಗಿರಣಿಯವನೊಬ್ಬ ಕಟ್ಟಿಸಿದ ಕೆರೆಯ ನೀರು ಪಕ್ಕದವನ ಗಣಿಗೆ ನುಗ್ಗಿದ ಮೊಕದ್ದಮೆಯಲ್ಲಿ 1868ರಲ್ಲಿ ತೀರ್ಪು ಬಂತು: ತನ್ನ ಲಾಭಕ್ಕಾಗಿ ಅಪಾಯದ ವಸ್ತುವನ್ನು ತನ್ನ ನೆಲದಲ್ಲಿ ಕೂಡಿಟ್ಟವನು, ಅದು ಹೊರಗೆ ಹೋಗಿ ಹಾನಿ ಮಾಡಿದರೆ ಹೊಣೆಗಾರ, ಅಜಾಗರೂಕತೆ ಇರಲಿ ಬಿಡಲಿ. 1874ರಲ್ಲಿ ನಮ್ಮ ಕಡೆಯದೇ ಒಂದು ಪ್ರಕರಣ, ಆಗ ನಮ್ಮ ಮೊಕದ್ದಮೆಗಳಿಗೆ ಕೊನೆಯ ನ್ಯಾಯಸ್ಥಾನವಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ ತನಕ ಹೋಯಿತು. ಕಾರ್ವೇಟಿನಗರದ ಜಮೀನ್ದಾರರ ಕೆರೆಗಳು ಒಡೆದು ಮದ್ರಾಸ್ ರೈಲ್ವೆಗೆ ಹಾನಿಯಾಗಿತ್ತು. ಕೆರೆಗಳು ಪುರಾತನವಾದವು, ಜನರ ಬೇಸಾಯಕ್ಕೆ ಬೇಕಾದವು, ಅವನ್ನು ಕಾಪಾಡುವುದು ಜಮೀನ್ದಾರರ ಕರ್ತವ್ಯ, ಆದ್ದರಿಂದ ಅಜಾಗರೂಕತೆ ತೋರಿಸಿದರೆ ಮಾತ್ರ ಹೊಣೆ ಎಂದಿತು ಆ ತೀರ್ಪು. ಒಂದು ಕುಟುಂಬದ ತೋಟದ ಕೆರೆಗೆ ಆ ರಕ್ಷಣೆ ಸಿಗುತ್ತದೆಂದು ನಂಬಿ ಕೂರಬೇಡಿ. ಸಿಕ್ಕರೂ, ವರದಿ ಕೈಯಲ್ಲಿದ್ದೂ ಹಲಗೆ ತೆಗೆಯದಿದ್ದುದು ಅಜಾಗರೂಕತೆಯೇ. ವಕೀಲರನ್ನು ಒಮ್ಮೆ ಕಾಣಿ.

ಒಡೆಸುವ ಪ್ರಶ್ನೆಗೆ ನನ್ನ ಉತ್ತರ: ಈಗ ಬೇಡ. ಅದು ನಿಮ್ಮ ತೋಟಕ್ಕೆ ಮಾತ್ರವಲ್ಲ, ಕೆಳಗಿನ ಬಾವಿಗಳಿಗೂ ನೀರು ಕೊಡುತ್ತಿದೆ. ಮಳೆ ನಿಂತ ಈ ದಿನಗಳಲ್ಲಿ ತೂಬಿನಿಂದಲೋ, ತೂಬು ಕಟ್ಟಿಕೊಂಡಿದ್ದರೆ ಪ್ಲಾಸ್ಟಿಕ್ ಕೊಳವೆಯಲ್ಲಿ ಸೈಫನ್ ಮಾಡಿಯೋ, ಮಟ್ಟವನ್ನು ಮೂರು ಮೀಟರ್ ತಗ್ಗಿಸಿ. ದಿನಕ್ಕೆ ಒಂದು ಅಡಿಗಿಂತ ಹೆಚ್ಚು ಬೇಡ. ಆತುರಪಟ್ಟರೆ ನೀರು ತುಂಬಿದ ಒಳಗಿನ ಇಳಿಜಾರು ಜಾರುತ್ತದೆ. ಮಣ್ಣಿನ ಅಣೆಕಟ್ಟು ಬಲ್ಲ ಇಂಜಿನಿಯರ್ ಒಬ್ಬರಿಂದ ಮಣ್ಣು ಪರೀಕ್ಷೆ, ಕೋಡಿಯ ವಿನ್ಯಾಸ ಮಾಡಿಸಿ. ಪುಣೆಯಲ್ಲಿ ಅಂಥವರಿಗೆ ಬರವಿಲ್ಲ, ಇಂಜಿನಿಯರಿಂಗ್ ಕಾಲೇಜಿನ ಸಿವಿಲ್ ವಿಭಾಗದಲ್ಲಿ ವಿಚಾರಿಸಿದರೂ ದಾರಿ ಸಿಗುತ್ತದೆ. ಮೇ ತಿಂಗಳ ನಡುಭಾಗದೊಳಗೆ ಕೆಲಸ ಮುಗಿಯುವಂತಿಲ್ಲ ಎಂದಾದರೆ ಮಾತ್ರ, ಮುಂಗಾರಿಗೆ ಮೊದಲು ಇಂಜಿನಿಯರ್ ತೋರಿಸಿದ ಜಾಗದಲ್ಲಿ ಏರಿಯನ್ನು ಹಳ್ಳದ ಮಟ್ಟದವರೆಗೆ ಕಡಿದು ಬಿಡಿ. ಆ ಮಳೆಗಾಲ ಕೆರೆ ತುಂಬದಿದ್ದರೆ ತುಂಬದಿರಲಿ.

ತಹಶೀಲ್ದಾರರಿಗೆ ಬರವಣಿಗೆಯಲ್ಲಿ ತಿಳಿಸಿ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಜಿಲ್ಲೆಯ ಹೊಣೆ ಜಿಲ್ಲಾಧಿಕಾರಿಯ ಪ್ರಾಧಿಕಾರದ್ದು, ನಿಮ್ಮ ಏರಿ ಅವರ ಪಟ್ಟಿಯಲ್ಲಿರಲಿ. ಕೋಡಿಯ ಪಕ್ಕ ಅಳತೆಯ ಕಂಬ ನೆಟ್ಟು, ಯಾವ ಗೆರೆಗೆ ನೀರು ಬಂದರೆ ಕೆಳಗಿನವರನ್ನು ಎಬ್ಬಿಸಬೇಕೆಂದು ಕೆಂಪು ಬಣ್ಣ ಬಳಿಸಿ. ಎಬ್ಬಿಸುವವರು ಯಾರು, ಅವರು ಊರಿಗೆ ಹೋದಾಗ ಯಾರು, ಶೆಡ್ಡಿನ ಮೇಸ್ತ್ರಿಯ ಫೋನು ಯಾವುದು, ಜನ ಯಾವ ದಿಬ್ಬಕ್ಕೆ ಏರಬೇಕು, ಇದೆಲ್ಲ ಮರಾಠಿಯಲ್ಲೂ ಕನ್ನಡದಲ್ಲೂ ಬರೆದು ಶೆಡ್ಡಿನ ಗೋಡೆಗೆ ಅಂಟಿಸಿ. ಓದಲು ಬಾರದವರಿಗೆ ಓದಿ ಹೇಳಿಸಿ. ಮೇಸ್ತ್ರಿ ಬದಲಾದಾಗಲೆಲ್ಲ ಹೊಸಬರಿಗೆ ಮತ್ತೆ ಹೇಳಬೇಕು. ಶೆಡ್ಡುಗಳನ್ನು ಹಳ್ಳದ ದಂಡೆಯಿಂದ ದಿಬ್ಬಕ್ಕೆ ಏರಿಸಲು ಲೇಔಟಿನವರ ಮೇಲೆ ಒತ್ತಡ ತನ್ನಿ. ನೀವು ಮಾಡಬಹುದಾದ ಕೆಲಸಗಳಲ್ಲಿ ಎಲ್ಲಕ್ಕಿಂತ ಕಡಿಮೆ ಖರ್ಚಿನದು ಅದು.

ಪ್ರಶ್ನೆ: ಮುರಬಾಡ ಬಳಿ ನಮ್ಮ ಹೊಲದಲ್ಲಿ 30 ಮೀಟರ್ ಉದ್ದ, 30 ಮೀಟರ್ ಅಗಲ, 3 ಮೀಟರ್ ಆಳದ ಕೃಷಿಹೊಂಡ ಇದೆ. ಪ್ಲಾಸ್ಟಿಕ್ ಹಾಳೆ ಹಾಸಿದ್ದೇವೆ. ಇದಕ್ಕೂ ಸುರಕ್ಷತೆಯ ವರ್ಗ ಬೇಕೇ?
— ಓದುಗರು, ಡೊಂಬಿವಿಲಿ

ಉತ್ತರ: ನೆಲದ ಮಟ್ಟಕ್ಕಿಂತ ಕೆಳಗಿರುವ ನೀರು ಎಲ್ಲಿಗೂ ನುಗ್ಗುವುದಿಲ್ಲ. ಸುತ್ತ ಒಡ್ಡು ಹಾಕಿ ಮೇಲೆ ನಿಲ್ಲಿಸಿದ ಭಾಗದ್ದು ಮಾತ್ರ ಚಿಂತೆ. ಒಂದು ಮೀಟರಿನಷ್ಟು ಮೇಲಿದ್ದರೆ ಹೆಚ್ಚೆಂದರೆ ಒಂಬತ್ತು ಲಕ್ಷ ಲೀಟರ್. ಇಳಿಜಾರಿನ ಕೆಳಗೆ ಮನೆಯಾಗಲಿ ದನದ ಕೊಟ್ಟಿಗೆಯಾಗಲಿ ಇಲ್ಲದಿದ್ದರೆ ವರ್ಗದ ಗೊಡವೆ ಬೇಡ, ತುಂಬಿದ ನೀರು ಹೊರಹೋಗಲು ಒಂದು ಕೊಳವೆ ಇಟ್ಟರೆ ಸಾಕು.

ನಿಮ್ಮ ಹೊಂಡದ ಅಪಾಯ ಬೇರೆ. ಒದ್ದೆಯಾದ ಪ್ಲಾಸ್ಟಿಕ್ ಇಳಿಜಾರಿನಲ್ಲಿ ಕಾಲು ನಿಲ್ಲುವುದಿಲ್ಲ. ಈಜು ಬಲ್ಲವರೂ ಮೇಲೆ ಹತ್ತಲಾಗದೆ ಸೋತು ಮುಳುಗುತ್ತಾರೆ, ಎತ್ತಲು ಇಳಿದವರೂ ಜೊತೆಗೆ ಹೋಗುತ್ತಾರೆ. ಸುತ್ತಲೂ ಬೇಲಿ, ಬೀಗವಿರುವ ಗೇಟು ಹಾಕಿಸಿ. ನಾಲ್ಕೂ ಬದಿಗೆ ಗಟ್ಟಿ ಗೂಟ ನೆಟ್ಟು, ಅಡಿಗೊಂದು ಗಂಟು ಹಾಕಿದ ದಪ್ಪ ಹಗ್ಗವನ್ನು ತಳದವರೆಗೆ ಇಳಿಬಿಡಿ. ಗಾಳಿ ತುಂಬಿದ ಹಳೆಯ ಟ್ಯೂಬ್ ಒಂದು ಗೇಟಿನ ಬಳಿ ತೂಗುಹಾಕಿರಲಿ. ಶಾಲೆಗೆ ರಜೆ ಶುರುವಾಗುವ ಮೊದಲೇ ಇದೆಲ್ಲ ಆಗಬೇಕು.